ವರ್ಷಕ್ಕೊಂದೇ ಭರತದ ಸರೋವರ: ಟೋನ್ಲೆ ಸಾಪ್ ದಾಟಿ ಬಟ್ಟಂಬಾಂಗ್‌ವರೆಗೆ ದೋಣಿಯಲ್ಲಿ ಹೋಗುವವರಿಗೊಂದು ಸಮಗ್ರ ಮಾರ್ಗದರ್ಶಿ

ಕೋಡಿ ಬೆಂಗ್ರೆಯ ಅಳಿವೆಯನ್ನು ನೋಡುತ್ತ ಬೆಳೆದವರಿಗೆ ನೀರು ದಿನಕ್ಕೆರಡು ಬಾರಿ ಏರುತ್ತದೆ, ಎರಡು ಬಾರಿ ಇಳಿಯುತ್ತದೆ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸುವರ್ಣಾ ಮತ್ತು ಸೀತಾ ನದಿಗಳು ಒಟ್ಟಾಗಿ ಸಮುದ್ರ ಸೇರುವ ಆ ಜಾಗದಲ್ಲಿ ದೋಣಿ ಇಳಿಸುವುದು, ಮರ್ವಾಯಿ (ಚಿಪ್ಪುಮೀನು) ಹೆಕ್ಕುವುದು, ಕುದ್ರುವಿನಿಂದ, ಅಂದರೆ ಹೊಳೆ ನಡುವಿನ ದ್ವೀಪದಿಂದ, ಪೇಟೆಗೆ ಹೊರಡುವುದು ಎಲ್ಲವೂ ಭರತ-ಇಳಿತದ ಲೆಕ್ಕದಲ್ಲೇ ನಡೆಯುತ್ತವೆ. ಕಾಂಬೋಡಿಯದ ಟೋನ್ಲೆ ಸಾಪ್ ಸರೋವರದ ಬದುಕೂ ಇಂಥದೇ ಲೆಕ್ಕದಲ್ಲಿ ಸಾಗುತ್ತದೆ; ಆದರೆ ಅಲ್ಲಿ ಭರತ ವರ್ಷಕ್ಕೆ ಒಂದೇ, ಇಳಿತವೂ ಒಂದೇ. ಈ ಒಂದು ಸಂಗತಿಯನ್ನು ಸರಿಯಾಗಿ ತಿಳಿದುಕೊಳ್ಳದೆ ಏಪ್ರಿಲ್ ತಿಂಗಳಲ್ಲಿ, ಮಕ್ಕಳ ಬೇಸಿಗೆ ರಜೆಯ ನೆಪದಲ್ಲಿ, ನಾನು ಮೊದಲ ಬಾರಿ ಅಲ್ಲಿಗೆ ಹೋಗಿ ಕೆಸರಿನಲ್ಲಿ ಕುಳಿತೆ. ಎರಡನೆಯ ಬಾರಿ ನವೆಂಬರಿನಲ್ಲಿ ಅಕ್ಕ-ಭಾವನೊಡನೆ ಹೋದೆ. ಅದೇ ದಾರಿ, ಅದೇ ತರಹದ ದೋಣಿ, ಆದರೆ ಬೇರೆಯೇ ಲೋಕ. ಸಿಯೆಮ್ ರೀಪ್‌ನಿಂದ ಬಟ್ಟಂಬಾಂಗ್‌ಗೆ ಇಡೀ ದಿನ ನಿಧಾನವಾಗಿ ಸಾಗುವ ಈ ದೋಣಿಯಲ್ಲಿ ಹೋಗಬೇಕೆಂದಿರುವ ಉಡುಪಿ-ಮಂಗಳೂರಿನ ಕಡೆಯವರಿಗಾಗಿ ಆ ಎರಡು ಪ್ರಯಾಣಗಳಲ್ಲಿ ಕಲಿತದ್ದನ್ನು ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ರಜೆಯ ಪಟ್ಟಿಗಿಂತ ಮೊದಲು ನೀರಿನ ಪಟ್ಟಿ

ಸಾಮಾನ್ಯವಾಗಿ ನಾವು ರಜೆ ಸಿಗುವ ದಿನವನ್ನು ನೋಡಿ ವಿಮಾನದ ಟಿಕೆಟ್ ತೆಗೆಯುತ್ತೇವೆ, ಆಮೇಲೆ ಅಲ್ಲೇನಿದೆ ಎಂದು ನೋಡುತ್ತೇವೆ. ಈ ಪ್ರಯಾಣಕ್ಕೆ ಆ ಕ್ರಮ ನಡೆಯುವುದಿಲ್ಲ.

ಟೋನ್ಲೆ ಸಾಪ್ ಎಂಬುದು ಸರೋವರದ ಹೆಸರೂ ಹೌದು, ಅದರಿಂದ ಹೊರಟು ಫ್ನೋಮ್ ಪೆನ್ ನಗರದ ಬಳಿ ಮೆಕಾಂಗ್ ನದಿಯನ್ನು ಸೇರುವ ಹೊಳೆಯ ಹೆಸರೂ ಹೌದು. ಬೇಸಿಗೆಯಲ್ಲಿ ಈ ಹೊಳೆ ಸರೋವರದ ನೀರನ್ನು ಮೆಕಾಂಗ್‌ಗೆ ಸಾಗಿಸುತ್ತದೆ. ಮಳೆಗಾಲದಲ್ಲಿ ಮೆಕಾಂಗ್ ತುಂಬಿ ಅದರ ಮಟ್ಟ ಸರೋವರದ ಮಟ್ಟಕ್ಕಿಂತ ಮೇಲೇರಿದಾಗ ಹೊಳೆ ದಿಕ್ಕು ಬದಲಿಸಿ ಹಿಮ್ಮುಖವಾಗಿ ಹರಿಯತೊಡಗುತ್ತದೆ. ಅಳಿವೆಯ ಉಪ್ಪುನೀರು ಭರತದ ಹೊತ್ತಿನಲ್ಲಿ ನಮ್ಮ ಹೊಳೆಗಳೊಳಗೆ ನುಗ್ಗುವುದನ್ನು ಕಂಡವರಿಗೆ ಇದು ಅರ್ಥವಾಗುವುದು ಕಷ್ಟವಲ್ಲ. ಆದರೆ ಅಲ್ಲಿ ಈ ಹಿಮ್ಮುಖ ಹರಿವು ಸುಮಾರು ಜೂನ್‌ನಿಂದ ಸೆಪ್ಟೆಂಬರ್-ಅಕ್ಟೋಬರಿನವರೆಗೆ ತಿಂಗಳುಗಟ್ಟಲೆ ಮುಂದುವರಿಯುತ್ತದೆ, ಮತ್ತು ನುಗ್ಗುವ ನೀರು ಸಿಹಿನೀರು. ಬೇಸಿಗೆಯ ಕೊನೆಗೆ ಸುಮಾರು 2,500ರಿಂದ 3,000 ಚದರ ಕಿಲೋಮೀಟರ್ ಇರುವ ಸರೋವರ, ಒಳ್ಳೆಯ ಮಳೆಯ ವರ್ಷದಲ್ಲಿ 15,000 ಚದರ ಕಿಲೋಮೀಟರಿನ ಹತ್ತಿರಕ್ಕೆ ಹಿಗ್ಗುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಬೇಸಿಗೆಯಲ್ಲಿ ಉಡುಪಿ ಜಿಲ್ಲೆಗಿಂತಲೂ ಚಿಕ್ಕದಾದ ಕೆರೆ ದೀಪಾವಳಿಯ ಹೊತ್ತಿಗೆ ಉಡುಪಿ, ದಕ್ಷಿಣ ಕನ್ನಡ ಎರಡನ್ನೂ ಸೇರಿಸಿದರೂ ಸಾಲದಷ್ಟು ದೊಡ್ಡದಾಗಿರುತ್ತದೆ. ಆಳ ಒಂದು ಮೀಟರಿನ ಆಸುಪಾಸಿನಿಂದ ಎಂಟು-ಒಂಬತ್ತು ಮೀಟರಿಗೆ ಏರುತ್ತದೆ. ಸುತ್ತಲಿನ ಕಾಡು ಮುಳುಗುತ್ತದೆ, ಮೀನುಗಳು ಮರಗಳ ನಡುವೆ ಮೇಯುತ್ತವೆ, ಮರಿ ಮಾಡುತ್ತವೆ.

ತಿಂಗಳುಗಳನ್ನು ಹೀಗೆ ನೆನಪಿಟ್ಟುಕೊಳ್ಳಬಹುದು. ನಮ್ಮಲ್ಲಿ ಆಟಿ-ಸೋಣದ (ಜುಲೈ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗಿನ) ಮಳೆ ಸುರಿಯುವಾಗ ಅಲ್ಲಿ ಸರೋವರ ತುಂಬುತ್ತಿರುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ನೀರು ಗರಿಷ್ಠ ಮಟ್ಟದಲ್ಲಿರುತ್ತದೆ, ಆದರೆ ಮಧ್ಯಾಹ್ನದ ಮಳೆಯೂ ಇರುತ್ತದೆ. ಕಾರ್ತಿಕ ಹುಣ್ಣಿಮೆಯ ಹೊತ್ತಿಗೆ ಹೊಳೆ ಮತ್ತೆ ಮೆಕಾಂಗ್ ಕಡೆಗೆ ತಿರುಗಿರುತ್ತದೆ. ಉಡುಪಿಯಲ್ಲಿ ಲಕ್ಷದೀಪೋತ್ಸವ ನಡೆಯುವ ಆ ದಿನಗಳಲ್ಲೇ ಕಾಂಬೋಡಿಯದವರು ಬೊನ್ ಓಮ್ ತೂಕ್ ಎಂಬ ನೀರಿನ ಹಬ್ಬವನ್ನು ದೋಣಿ ಸ್ಪರ್ಧೆಗಳೊಂದಿಗೆ ಆಚರಿಸುತ್ತಾರೆ. ಅವರ ಆ ತಿಂಗಳ ಹೆಸರೂ ಕಾರ್ತಿಕದಿಂದಲೇ ಬಂದದ್ದು. ನವೆಂಬರಿನಿಂದ ಡಿಸೆಂಬರ್ ಕೊನೆಯವರೆಗೆ ಮಳೆ ನಿಂತಿರುತ್ತದೆ, ನೀರು ಇನ್ನೂ ಇರುತ್ತದೆ. ಈ ಪ್ರಯಾಣಕ್ಕೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಜನವರಿ, ಫೆಬ್ರವರಿ ನಡೆದೀತು. ಮಾರ್ಚ್ ಕಳೆದ ಮೇಲೆ ಬೇಡ. ಮೇ ತಿಂಗಳಲ್ಲಂತೂ ಖಂಡಿತ ಬೇಡ.

ಈ ಪಂಚಾಂಗವೂ ಈಗ ಮೊದಲಿನಷ್ಟು ನಂಬಿಕೆಯದಲ್ಲ. ಮೆಕಾಂಗ್‌ನ ಮೇಲ್ಭಾಗದ ಅಣೆಕಟ್ಟುಗಳು ಮತ್ತು ಮಳೆಯ ಏರುಪೇರು ಸೇರಿ 2019ರಲ್ಲಿ ಹಿಮ್ಮುಖ ಹರಿವು ತಡವಾಗಿ ಆರಂಭವಾಯಿತು, ಬೇಗ ಮುಗಿಯಿತು, ಸರೋವರ ಸರಿಯಾಗಿ ತುಂಬಲೇ ಇಲ್ಲ. ಆದ್ದರಿಂದ ಹೊರಡುವ ಎರಡು-ಮೂರು ವಾರ ಮೊದಲು ಮೆಕಾಂಗ್ ನದಿ ಆಯೋಗವು ತನ್ನ ಜಾಲತಾಣದಲ್ಲಿ ಪ್ರಕಟಿಸುವ ನೀರಿನ ಮಟ್ಟವನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. ಸರೋವರದ ದಡದ ಕಾಂಪೊಂಗ್ ಲುವಾಂಗ್ ಎಂಬಲ್ಲಿ ಮಾಪನ ಕೇಂದ್ರವಿದೆ. ಈ ವರ್ಷದ ಗೆರೆ ಹಿಂದಿನ ವರ್ಷಗಳ ಸರಾಸರಿ ಗೆರೆಗಿಂತ ಬಹಳ ಕೆಳಗಿದ್ದರೆ, ನವೆಂಬರ್ ಎಂಬ ಹೆಸರಿಗೆ ಮರುಳಾಗದೆ ದೋಣಿಯ ದಿನವನ್ನು ಇನ್ನಷ್ಟು ಹಿಂದಕ್ಕೆ, ಅಂದರೆ ಅಕ್ಟೋಬರ್ ಕಡೆಗೆ, ಸರಿಸಿಕೊಳ್ಳುವುದು ಲೇಸು.

ಎರಡನೆಯ ಹೆಜ್ಜೆ: ಯಾವ ದಾರಿ, ಯಾವ ಹಳ್ಳಿ

‘ತೇಲುವ ಹಳ್ಳಿ’ ಎಂದು ಪ್ರವಾಸದ ಅಂಗಡಿಗಳು ಮಾರುವುದರಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಒಂದು, ನಿಜವಾಗಿ ತೇಲುವ ಮನೆಗಳು: ಬಿದಿರಿನ ಕಟ್ಟುಗಳ ಮೇಲೋ ಖಾಲಿ ಪೀಪಾಯಿಗಳ ಮೇಲೋ ನಿಂತು, ನೀರಿನೊಂದಿಗೆ ಏರಿಳಿದು, ವರ್ಷದಲ್ಲಿ ಹಲವು ಬಾರಿ ಜಾಗ ಬದಲಿಸುವಂಥವು. ಇನ್ನೊಂದು, ಕಂಬದ ಮೇಲಿನ ಮನೆಗಳು: ಇವು ಎಲ್ಲಿಗೂ ಹೋಗುವುದಿಲ್ಲ, ನೀರೇ ಅವುಗಳ ಹೊಸ್ತಿಲಿಗೆ ಬಂದು ಹೋಗುತ್ತದೆ. ಸಿಯೆಮ್ ರೀಪ್‌ಗೆ ಹತ್ತಿರದ ಚೋಂಗ್ ಕ್ನಿಯಾಸ್ ಮೊದಲನೆಯ ಬಗೆಯದು. ಕಾಂಪೊಂಗ್ ಫ್ಲುಕ್ ಮತ್ತು ಇನ್ನೂ ದೂರದ ಕಾಂಪೊಂಗ್ ಖ್ಲಿಯಾಂಗ್ ಎರಡನೆಯ ಬಗೆಯವು. ಬೇಸಿಗೆಯಲ್ಲಿ ಕಾಂಪೊಂಗ್ ಖ್ಲಿಯಾಂಗ್‌ನ ಬೀದಿಯಲ್ಲಿ ನಿಂತರೆ ಮನೆಗಳ ನೆಲ ನಿಮ್ಮ ತಲೆಗಿಂತ ಎಷ್ಟೋ ಮೇಲಿರುತ್ತದೆ. ಮನೆಗೆ ಹತ್ತುವುದೆಂದರೆ ತೆಂಗಿನ ಮರ ಹತ್ತಿದ ಹಾಗೆ.

ಅರ್ಧ ದಿನವಷ್ಟೇ ಇರುವವರು, ಹಿರಿಯರನ್ನು ಕರೆದುಕೊಂಡು ಹೋಗುವವರು ಕಾಂಪೊಂಗ್ ಖ್ಲಿಯಾಂಗ್‌ಗೆ ಹೋಗಿ ಬಂದರೆ ಸಾಕು. ಚೋಂಗ್ ಕ್ನಿಯಾಸ್‌ನ ಅರ್ಧ ದಿನದ ಸುತ್ತಾಟವನ್ನು ನಾನು ಯಾರಿಗೂ ಹೇಳುವುದಿಲ್ಲ; ಕಾರಣ ಮುಂದೆ ಬರುತ್ತದೆ. ಹಕ್ಕಿಗಳಿಗಾಗಿ ಹೋಗುವವರಿಗೆ ಪ್ರೆಕ್ ತೋಲ್ ಇದೆ. ಸರೋವರವು 1997ರಲ್ಲಿ ಯುನೆಸ್ಕೋದ ಜೀವಗೋಳ ಮೀಸಲು ಪ್ರದೇಶವಾಯಿತು, ಅದರ ಮೂರು ಗರ್ಭವಲಯಗಳಲ್ಲಿ ಪ್ರೆಕ್ ತೋಲ್ ಒಂದು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಹಾವಕ್ಕಿ, ಎರಡು ಜಾತಿಯ ಅಡ್ಜುಟೆಂಟ್ ಕೊಕ್ಕರೆಗಳು ಅಲ್ಲಿ ಗೂಡು ಕಟ್ಟುತ್ತವೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಒಳ್ಳೆಯ ಸಮಯ. ಬಟ್ಟಂಬಾಂಗ್‌ಗೆ ಹೋಗುವ ದೋಣಿ ಪ್ರೆಕ್ ತೋಲ್ ಹಳ್ಳಿಯ ನಡುವೆಯೇ ಹಾದುಹೋದರೂ ಹಕ್ಕಿಧಾಮದೊಳಗೆ ಹೋಗುವುದಿಲ್ಲ. ಅದಕ್ಕೆ ಬೇರೆ ದಿನ, ಬೇರೆ ದೋಣಿ, ಬೇರೆ ಅನುಮತಿ ಬೇಕು. ಒಂದೇ ಟಿಕೆಟ್‌ನಲ್ಲಿ ಎರಡೂ ಆಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಈ ಬರಹದ ಗಮನವಿರುವುದು ದೀರ್ಘ ದಾರಿಯ ಮೇಲೆ: ಸಿಯೆಮ್ ರೀಪ್‌ನ ದಕ್ಷಿಣಕ್ಕೆ ಫ್ನೋಮ್ ಕ್ರೋಮ್ ಗುಡ್ಡದ ಬಳಿಯ ಬಂದರಿನಿಂದ ಹೊರಟು, ಸರೋವರದ ವಾಯವ್ಯ ಮೂಲೆಯನ್ನು ದಾಟಿ, ಪ್ರೆಕ್ ತೋಲ್ ಹಾದು, ಸಾಂಗ್ಕೆ ನದಿಯನ್ನು ಹಿಡಿದು ಮೇಲಕ್ಕೆ ಬಟ್ಟಂಬಾಂಗ್‌ವರೆಗೆ. ನೀರು ತುಂಬಿದ್ದರೆ ಆರು-ಏಳು ಗಂಟೆ. ರಸ್ತೆಯಲ್ಲಿ ಹೋದರೆ ಮೂರು-ನಾಲ್ಕು ಗಂಟೆ ಸಾಕು, ದರವೂ ಅದರ ಅರ್ಧಕ್ಕಿಂತ ಕಡಿಮೆ. ಹೆಚ್ಚು ಹಣ ಕೊಟ್ಟು ತಡವಾಗಿ ತಲುಪುವ ಪ್ರಯಾಣ ಇದು ಎಂಬುದನ್ನು ಜೊತೆಯವರಿಗೆ ಮೊದಲೇ ಹೇಳಿಬಿಡಿ.

ಊರಿನಲ್ಲೇ ಒಂದು ತಾಲೀಮು

ಇಡೀ ದಿನ ಗಟ್ಟಿ ಹಲಗೆಯ ಮೇಲೆ, ಎಂಜಿನ್ನಿನ ಸದ್ದಿನಲ್ಲಿ ಕುಳಿತುಕೊಳ್ಳಲು ತಮ್ಮಿಂದಾಗುತ್ತದೆಯೇ ಎಂಬುದು ಅನೇಕರಿಗೆ ಗೊತ್ತಿರುವುದಿಲ್ಲ. ಹಂಗಾರಕಟ್ಟೆಯಿಂದ ಕೋಡಿ ಬೆಂಗ್ರೆಗೆ ದಾಟುವುದಾಗಲಿ, ಮಂಗಳೂರಿನ ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದಾಟುವುದಾಗಲಿ ಕೆಲವೇ ನಿಮಿಷಗಳ ಕೆಲಸ. ಅದರಿಂದ ಏನೂ ತಿಳಿಯುವುದಿಲ್ಲ. ಕೆಮ್ಮಣ್ಣಿನ ಕಡೆ ದೋಣಿಯೊಂದನ್ನು ಬಾಡಿಗೆಗೆ ಹಿಡಿದು ಕುದ್ರುಗಳನ್ನು ಸುತ್ತಿ, ತಿಮ್ಮಣ್ಣ ಕುದ್ರುವಿನ ತೂಗುಸೇತುವೆಯ ಕೆಳಗಿನಿಂದ ಹಾದು, ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಒಂದರವರೆಗೆ ಇಳಿಯದೆ ಕುಳಿತು ನೋಡಿ. ಸೊಂಟ, ಬಿಸಿಲು, ಮೂತ್ರದ ಅವಸರ, ಮಕ್ಕಳ ಬೇಸರ: ಈ ನಾಲ್ಕರಲ್ಲಿ ಯಾವುದು ನಿಮ್ಮನ್ನು ಸೋಲಿಸುತ್ತದೆ ಎಂಬುದು ಅಷ್ಟರಲ್ಲಿ ಗೊತ್ತಾಗುತ್ತದೆ. ನನ್ನ ಅಕ್ಕ ಈ ತಾಲೀಮಿನ ಮರುದಿನವೇ ಎರಡು ಇಂಚು ದಪ್ಪದ ಸ್ಪಂಜಿನ ದಿಂಬೊಂದನ್ನು ಹೊಲಿಸಿಕೊಂಡಳು. ಕಾಂಬೋಡಿಯದ ದೋಣಿಯಲ್ಲಿ ಅದರ ಮೇಲೆ ಅವಳಿಗಿಂತ ಹೆಚ್ಚು ಹೊತ್ತು ಕುಳಿತವನು ಭಾವ.

ಕಾಗದಪತ್ರ, ವಿಮಾನ, ಹಣ

ಮಂಗಳೂರಿನಿಂದ ಕಾಂಬೋಡಿಯಕ್ಕೆ ನೇರ ವಿಮಾನವಿಲ್ಲ. ಬೆಂಗಳೂರಿಗೆ ಹೋಗಿ, ಅಲ್ಲಿಂದ ಬ್ಯಾಂಕಾಕ್, ಸಿಂಗಾಪುರ ಅಥವಾ ಕೌಲಾಲಂಪುರದ ಮೂಲಕ ಸಿಯೆಮ್ ರೀಪ್‌ಗೆ ಹೋಗಬಹುದು. ಅಲ್ಲಿನ ಹೊಸ ವಿಮಾನ ನಿಲ್ದಾಣ 2023ರ ಅಕ್ಟೋಬರಿನಲ್ಲಿ ಆರಂಭವಾಗಿದ್ದು ಊರಿನಿಂದ 40 ಕಿಲೋಮೀಟರಿಗೂ ಹೆಚ್ಚು ದೂರವಿದೆ; ಆದ್ದರಿಂದ ವಿಮಾನ ಇಳಿದ ಮರುದಿನ ಬೆಳಗ್ಗೆಯೇ ದೋಣಿ ಹತ್ತುವ ಯೋಜನೆ ಬೇಡ. ಬ್ಯಾಂಕಾಕ್‌ನಿಂದ ಬಸ್ಸಿನಲ್ಲಿ ಗಡಿ ದಾಟುವ ಹಳೆಯ ಅಗ್ಗದ ದಾರಿಯನ್ನು ಕೆಲವರು ಈಗಲೂ ಹೇಳುತ್ತಾರೆ. 2025ರಲ್ಲಿ ಥಾಯ್ಲೆಂಡ್ ಮತ್ತು ಕಾಂಬೋಡಿಯ ನಡುವೆ ಗಡಿಯಲ್ಲಿ ಘರ್ಷಣೆ ನಡೆದು ಭೂಮಾರ್ಗದ ಗಡಿದ್ವಾರಗಳು ಮುಚ್ಚಿದ್ದನ್ನು ನೆನಪಿಟ್ಟುಕೊಂಡು ಆ ಯೋಚನೆಯನ್ನು ಬಿಡಿ. ಹೊರಡುವ ಮೊದಲು ಭಾರತದ ವಿದೇಶಾಂಗ ಸಚಿವಾಲಯದ ಸೂಚನೆಗಳನ್ನು ಓದಿ. ಬಟ್ಟಂಬಾಂಗ್ ಗಡಿಗೆ ಅಂಟಿಕೊಂಡ ಪ್ರಾಂತ್ಯ.

ಭಾರತೀಯರಿಗೆ ವೀಸಾ ಬೇಕು. ಸರಕಾರಿ ಜಾಲತಾಣದಲ್ಲಿ ಇ-ವೀಸಾ ಪಡೆಯಬಹುದು, ಅಥವಾ ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೆ 30 ಡಾಲರ್ ಕೊಟ್ಟು ಪಡೆಯಬಹುದು. ಸರಕಾರಿ ತಾಣವನ್ನೇ ಹೋಲುವ, ದುಪ್ಪಟ್ಟು ಹಣ ಕೇಳುವ ಖಾಸಗಿ ತಾಣಗಳಿವೆ, ಎಚ್ಚರ. ಆಗಮನದ ವಿವರಗಳನ್ನೂ ಅಲ್ಲಿಗೆ ತಲುಪುವುದಕ್ಕೆ ಮೊದಲಿನ ಏಳು ದಿನಗಳೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು, ಅದಕ್ಕೆ ಶುಲ್ಕವಿಲ್ಲ. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಆಯುಸ್ಸಿರಲಿ.

ಅಲ್ಲಿ ರಿಯೆಲ್ ಮತ್ತು ಅಮೆರಿಕದ ಡಾಲರ್ ಎರಡೂ ಚಲಾವಣೆಯಲ್ಲಿವೆ. ಡಾಲರಿಗೆ ಸುಮಾರು 4,000 ರಿಯೆಲ್. ನೋಟಿನ ಅಂಚು ಒಂದಿಷ್ಟು ಹರಿದಿದ್ದರೂ ಡಾಲರ್ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಮಂಗಳೂರಿನಲ್ಲಿ ಹಣ ಬದಲಾಯಿಸಿಕೊಳ್ಳುವಾಗಲೇ ಒಂದೊಂದು ನೋಟನ್ನೂ ಬೆಳಕಿಗೆ ಹಿಡಿದು ನೋಡಿ. ದೋಣಿಯ ದಿನಕ್ಕೆ ಚಿಲ್ಲರೆ ರಿಯೆಲ್ ಬೇಕು; ತೇಲುವ ಅಂಗಡಿಯ ಹೆಂಗಸಿಗೆ 20 ಡಾಲರಿನ ನೋಟು ಕೊಟ್ಟರೆ ಅವಳೇನು ಮಾಡಿಯಾಳು?

ಟಿಕೆಟ್ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆಗಳು

ಟಿಕೆಟನ್ನು ವಸತಿಗೃಹದವರೇ ತೆಗೆಸಿಕೊಡುತ್ತಾರೆ. ಹಿಂದಿನ ದಿನ ತೆಗೆದರೂ ಸಾಕು, ತಿಂಗಳ ಮೊದಲು ತೆಗೆಯುವ ಅಗತ್ಯವಿಲ್ಲ. ನೀರಿನ ಮಟ್ಟ ನೋಡಿ ನಿರ್ಧರಿಸುವ ಅವಕಾಶ ಕೈಯಲ್ಲಿರಲಿ. ‘ಎಷ್ಟು ಗಂಟೆ ಹಿಡಿಯುತ್ತದೆ’ ಎಂದು ಕೇಳುವುದರಿಂದ ಪ್ರಯೋಜನವಿಲ್ಲ, ಉತ್ತರ ವರ್ಷವಿಡೀ ಒಂದೇ ಆಗಿರುತ್ತದೆ. ‘ನಿನ್ನೆ ಹೋದ ದೋಣಿ ಎಷ್ಟು ಗಂಟೆಗೆ ತಲುಪಿತು’ ಎಂದು ಕೇಳಿ. ದೋಣಿ ಬಟ್ಟಂಬಾಂಗ್ ಊರಿನವರೆಗೂ ಹೋಗುತ್ತದೆಯೇ, ಅಥವಾ ಕೊನೆಯ ಭಾಗವನ್ನು ಪಿಕಪ್ ಗಾಡಿಯಲ್ಲಿ ಸಾಗಿಸುತ್ತಾರೆಯೇ? ಪ್ರತಿಯೊಬ್ಬರಿಗೂ ಜೀವರಕ್ಷಕ ಜಾಕೆಟ್ ಇದೆಯೇ, ಮಕ್ಕಳ ಅಳತೆಯದ್ದೂ ಇದೆಯೇ? ವಸತಿಗೃಹದಿಂದ ಬಂದರಿಗೆ ಕರೆದೊಯ್ಯುವ ಖರ್ಚು ಸೇರಿದೆಯೇ?

ನನ್ನ ಏಪ್ರಿಲ್ ಪ್ರಯಾಣದಲ್ಲಿ ಇವುಗಳಲ್ಲಿ ಒಂದನ್ನೂ ಕೇಳಿರಲಿಲ್ಲ. ಆರು ಗಂಟೆ ಎಂದು ಹೇಳಿದ ದಾರಿಗೆ ಹನ್ನೊಂದು ಗಂಟೆ ಹಿಡಿಯಿತು. ಸಾಂಗ್ಕೆ ನದಿ ನಮ್ಮೂರಿನ ತೋಡಿನಷ್ಟು ಸಪೂರವಾಗಿತ್ತು. ಎರಡು ಕಡೆ ಗೋಡೆಯಂತೆ ಕೆಸರಿನ ದಡ, ಅದರಾಚೆಗೆ ಏನೂ ಕಾಣುತ್ತಿರಲಿಲ್ಲ. ದೋಣಿ ನೆಲ ಕಚ್ಚಿದಾಗಲೆಲ್ಲ ಗಂಡಸರು ಇಳಿದು ತಳ್ಳಬೇಕಾಯಿತು. ಕೊನೆಗೊಂದು ಹಳ್ಳಿಯಲ್ಲಿ ಎಲ್ಲರನ್ನೂ ಇಳಿಸಿ, ಹದಿನಾಲ್ಕು ಜನರನ್ನು ಚೀಲಗಳ ಸಮೇತ ಒಂದೇ ಪಿಕಪ್ಪಿನ ಹಿಂಭಾಗಕ್ಕೆ ತುಂಬಿದರು. ತಪ್ಪು ದೋಣಿಯವನದ್ದು ಎಂದು ಆಗ ಸಿಟ್ಟಾಗಿದ್ದೆ. ಇಳಿತದ ಹೊತ್ತಿನಲ್ಲಿ ದೋಣಿ ಕೇಳಿದವನು ನಾನೇ ಅಲ್ಲವೇ?

ಚೀಲದಲ್ಲಿ ಏನಿರಬೇಕು

ದೊಡ್ಡ ಚೀಲ ದೋಣಿಯ ಮಾಡಿನ ಮೇಲೆ ಹೋಗುತ್ತದೆ, ಇಳಿಯುವವರೆಗೆ ಕೈಗೆ ಸಿಗುವುದಿಲ್ಲ. ಅದನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಬಿಡಿ. ಕೈಚೀಲದಲ್ಲಿ ಪಾಸ್‌ಪೋರ್ಟ್, ಔಷಧ, ಒಬ್ಬರಿಗೆ ಎರಡು ಲೀಟರ್ ನೀರು, ಕೂರುವ ದಿಂಬು, ಕಿವಿಗೆ ತುರುಕುವ ಹತ್ತಿ, ಟಾಯ್ಲೆಟ್ ಕಾಗದ, ಸೊಳ್ಳೆಗೆ ಹಚ್ಚುವ ಮುಲಾಮು ಇರಲಿ. ಉದ್ದ ತೋಳಿನ ಅಂಗಿ ಬೇಕು, ಬಿಸಿಲಿಗೆ ಮಾತ್ರವಲ್ಲ, ಕೊಂಬೆಗಳಿಗೂ. ಒಂದು ಬೈರಾಸು ಎಷ್ಟಕ್ಕೆಲ್ಲ ಒದಗುತ್ತದೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಅಲ್ಲಿಯವರೂ ಕ್ರಮಾ ಎಂಬ ಚೌಕುಳಿಯ ಹತ್ತಿಬಟ್ಟೆಯನ್ನು ತಲೆಗೆ ಸುತ್ತಲು, ಬೆವರು ಒರೆಸಲು, ಮಗುವಿಗೆ ಜೋಲಿ ಕಟ್ಟಲು ಬಳಸುತ್ತಾರೆ. ಸಿಯೆಮ್ ರೀಪ್‌ನ ಮಾರುಕಟ್ಟೆಯಲ್ಲಿ ಒಂದು ಕೊಂಡುಕೊಳ್ಳಿ.

ಊಟದ ಮಾತು ಸ್ವಲ್ಪ ವಿವರವಾಗಿಯೇ ಹೇಳಬೇಕು. ಮೀನು ತಿನ್ನುವವರಿಗೆ ಕಾಂಬೋಡಿಯ ಸ್ವರ್ಗ. ಪ್ರಹೊಕ್ ಎಂಬ, ಉಪ್ಪಿನಲ್ಲಿ ಹುಳಿಬರಿಸಿದ ಮೀನಿನ ಹಿಟ್ಟು ಅವರ ಅಡುಗೆಯ ಜೀವಾಳ. ಒಣಮೀನಿನ ಚಟ್ನಿಗೆ ಒಗ್ಗಿದ ಮೂಗು ಅದಕ್ಕೆ ಬೇಗ ಒಗ್ಗೀತು. ಸಸ್ಯಾಹಾರಿಗಳಿಗೆ ತೊಡಕು ಇರುವುದೂ ಅದರಲ್ಲೇ: ತರಕಾರಿ ಸಾರು ಎಂದು ಕೊಟ್ಟದ್ದರಲ್ಲೂ ಮೀನಿನ ರಸವಿರಬಹುದು. ದೋಣಿ ನಡುದಾರಿಯಲ್ಲಿ ನಿಲ್ಲುವ ತೇಲುವ ಅಂಗಡಿಯಲ್ಲಿ ಅನ್ನ, ಮೀನು, ಪೊಟ್ಟಣದ ನೂಡಲ್ಸ್, ಬಾಳೆಹಣ್ಣು ಸಿಗುತ್ತವೆ. ನಮ್ಮ ಅಕ್ಕ ಒಗ್ಗರಣೆ ಹಾಕಿದ ಅವಲಕ್ಕಿ, ಚಟ್ನಿಪುಡಿ, ಬೆಲ್ಲದುಂಡೆ ಕಟ್ಟಿಕೊಂಡಿದ್ದರಿಂದ ಯಾವ ತಾಪತ್ರಯವೂ ಆಗಲಿಲ್ಲ. ಸಿಯೆಮ್ ರೀಪ್‌ನಲ್ಲಿ ಬೆಳಗಿನ ಉಪಾಹಾರಕ್ಕೆ ನೊಮ್ ಬಾನ್ ಚೊಕ್ ಎಂಬುದು ಸಿಗುತ್ತದೆ. ಅಕ್ಕಿಹಿಟ್ಟನ್ನು ಒತ್ತಿ ಮಾಡಿದ ಶ್ಯಾವಿಗೆ. ನಮ್ಮ ಒತ್ತುಶ್ಯಾವಿಗೆಯ ಒಡಹುಟ್ಟಿದವಳು ಎನ್ನಬಹುದು, ಮೇಲೆ ಹುಯ್ಯುವ ರಸವೊಂದು ಮೀನಿನದ್ದು.

ದೋಣಿಯ ದಿನ

ದೋಣಿ ಬೆಳಗ್ಗೆ ಏಳರ ಸುಮಾರಿಗೆ ಬಿಡುತ್ತದೆ. ಅರ್ಧ ಗಂಟೆ ಮೊದಲೇ ಬಂದರಿನಲ್ಲಿದ್ದು ಜಾಗ ಹಿಡಿಯಿರಿ. ಎಂಜಿನ್ ಹಿಂದಿರುತ್ತದೆ, ಕಕ್ಕಸು ಎಂದು ಕರೆಯಬಹುದಾದ ಹಲಗೆಯ ಗೂಡೂ ಹಿಂದೆಯೇ ಇರುತ್ತದೆ. ಆದ್ದರಿಂದ ಮುಂಭಾಗವೇ ಒಳ್ಳೆಯದು. ಸರೋವರ ದಾಟುವಾಗ ದೋಣಿ ಹೆಚ್ಚುಕಡಿಮೆ ಪಶ್ಚಿಮಕ್ಕೆ ಮುಖ ಮಾಡಿರುತ್ತದೆ, ನವೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಎಡಬದಿಗೆ ಬಿಸಿಲು, ಬಲಬದಿಗೆ ನೆರಳು. ನದಿಯ ತಿರುವುಗಳು ಆರಂಭವಾದ ಮೇಲೆ ಈ ಲೆಕ್ಕ ಕೆಡುತ್ತದೆ, ಆದರೆ ಅಷ್ಟರಲ್ಲಿ ಎಲ್ಲರೂ ಜಾಗ ಬದಲಿಸಿಕೊಂಡಿರುತ್ತಾರೆ. ಕೆಲವರು ಮಾಡಿನ ಮೇಲೆ ಹತ್ತಿ ಕುಳಿತುಕೊಳ್ಳುತ್ತಾರೆ. ನೋಟ ಚೆನ್ನಾಗಿರುತ್ತದೆ, ಆದರೆ ಒಂದು ಗಂಟೆಯಲ್ಲಿ ಚರ್ಮ ಸುಟ್ಟುಹೋಗುತ್ತದೆ, ಹಿಡಿದುಕೊಳ್ಳಲು ಏನೂ ಇರುವುದಿಲ್ಲ, ನಾನು ಹತ್ತಲಿಲ್ಲ.

ಮೊದಲ ಒಂದು ಗಂಟೆ ಬರೀ ನೀರು. ದಡ ಕಾಣದ ಕಂದು ನೀರು, ಸಮುದ್ರವೆಂದೇ ಅನ್ನಿಸುತ್ತದೆ. ಮಲ್ಪೆಯ ಬೋಟುಗಳಲ್ಲಿ ಇಪ್ಪತ್ತು ವರ್ಷ ತಾಂಡೇಲನಾಗಿದ್ದ, ಅಂದರೆ ಬೋಟು ನಡೆಸುತ್ತಿದ್ದ, ನಮ್ಮ ಭಾವ ಬಗ್ಗಿ ಒಂದು ಬೊಗಸೆ ನೀರೆತ್ತಿ ಮೂಸಿ, “ಇಷ್ಟು ದೊಡ್ಡದಿದ್ದೂ ಉಪ್ಪಿನ ವಾಸನೆ ಇಲ್ಲವಲ್ಲ ಮಾರಾಯ” ಎಂದು ಗೊಣಗಿದ. ಆ ನೀರಿಗೆ ಕೈಹಾಕಿದವರು ಬಾಟಲಿ ನೀರಿನಲ್ಲಿ ಕೈ ತೊಳೆದುಕೊಳ್ಳುವುದು ಒಳ್ಳೆಯದು. ತೇಲುವ ಮನೆಗಳ ಕೊಳೆಯೆಲ್ಲ ನೇರ ಸರೋವರಕ್ಕೇ ಹೋಗುತ್ತದೆ.

ಆಮೇಲೆ ಮರಗಳ ತಲೆಗಳು ಕಾಣಿಸಿಕೊಳ್ಳುತ್ತವೆ. ಮುಳುಗಿದ ಕಾಡು ಎಂದರೆ ಇದೇ. ಇಲ್ಲಿ ಹೆಚ್ಚಾಗಿ ಕಾಣುವ ದೊಡ್ಡ ಮರ, ಆಯುರ್ವೇದದವರು ಸಮುದ್ರಫಲ ಎಂದು ಕರೆಯುವ ಮರಗಳ ಕುಲಕ್ಕೆ ಸೇರಿದ್ದು. ತಿಂಗಳುಗಟ್ಟಲೆ ಕುತ್ತಿಗೆವರೆಗೆ ನೀರಿನಲ್ಲಿ ನಿಂತರೂ ಸಾಯುವುದಿಲ್ಲ. ದೋಣಿ ಕೊಂಬೆಗಳ ನಡುವಿನ ಓಣಿಯನ್ನು ಹೊಕ್ಕಾಗ ಬದಿಯಲ್ಲಿ ಕುಳಿತವರು ಕೈ, ಮುಖ, ಮೊಬೈಲ್ ಮೂರನ್ನೂ ಒಳಗೆಳೆದುಕೊಳ್ಳಬೇಕು. ಕೊಂಬೆಗಳು ಒಳಗೆ ಬಂದು ಕೆನ್ನೆಗೆ ಹೊಡೆಯುತ್ತವೆ, ಎಲೆಯೊಂದಿಗೆ ಕೆಂಪಿರುವೆಯೂ ಬೀಳುತ್ತದೆ. ನಮ್ಮ ಚಿಗಳಿಗಿಂತ ಅದರ ಕಡಿತವೇನೂ ಕಡಿಮೆಯಲ್ಲ.

ಪ್ರೆಕ್ ತೋಲ್ ಬರುತ್ತಿದ್ದಂತೆ ಎಂಜಿನ್ ಸದ್ದು ಇಳಿಯುತ್ತದೆ. ಅಲೆ ಎದ್ದರೆ ಮನೆಗಳು ಓಲಾಡುತ್ತವೆ, ಒಲೆಯ ಮೇಲಿನ ಅನ್ನ ಚೆಲ್ಲುತ್ತದೆ ಎಂಬುದು ದೋಣಿಯವನಿಗೆ ಗೊತ್ತು. ನಾನು ನಿಧಾನವಾಗಿ ನೋಡಿದ ಮನೆಯೊಂದನ್ನು ಹೇಳುತ್ತೇನೆ. ಬಿದಿರಿನ ದಪ್ಪ ಕಟ್ಟುಗಳ ಮೇಲೆ ಹಲಗೆ ಹಾಸಿದ ಒಂದೇ ಕೋಣೆ, ಮುಂದೆ ಎರಡು ಮಾರು ಅಗಲದ ಜಗಲಿ. ಜಗಲಿಯ ಅಂಚಿನಲ್ಲಿ ಡಬ್ಬಗಳಲ್ಲಿ ನೆಟ್ಟ ಮೆಣಸಿನ ಗಿಡ, ಈರುಳ್ಳಿ ಸೊಪ್ಪು. ಒಂದು ಮೂಲೆಯಲ್ಲಿ ಟಿ.ವಿ.ಗೆ ತಂತಿ ಎಳೆದ ವಾಹನದ ಬ್ಯಾಟರಿ. ಮನೆಯ ಪಕ್ಕಕ್ಕೆ ಹಗ್ಗದಿಂದ ಕಟ್ಟಿದ ಬೇರೊಂದು ತೆಪ್ಪದ ಮೇಲೆ ಹಂದಿಯ ಗೂಡು. ಹೆಂಗಸು ಜಗಲಿಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಚಿಕ್ಕ ಮೀನುಗಳ ತಲೆ ಕತ್ತರಿಸಿ ಬುಟ್ಟಿಗೆ ಹಾಕುತ್ತಿದ್ದಳು, ಕಣ್ಣು ನಮ್ಮ ಕಡೆ, ಕೈ ಮೀನಿನ ಕಡೆ. ಅಲ್ಯೂಮಿನಿಯಂ ಬೋಗುಣಿಯೊಂದರಲ್ಲಿ ಕುಳಿತ ಐದಾರು ವರ್ಷದ ಹುಡುಗ ತಗಡಿನ ತುಂಡನ್ನು ಹುಟ್ಟಾಗಿ ಮಾಡಿಕೊಂಡು ಪಕ್ಕದ ಮನೆಗೆ ಹೊರಟಿದ್ದ. ಸ್ವಲ್ಪ ಮುಂದೆ ಇಡೀ ಮನೆಯೊಂದನ್ನು ಪುಟ್ಟ ಮೋಟಾರು ದೋಣಿ ಎಳೆದುಕೊಂಡು ಹೋಗುತ್ತಿತ್ತು. ನೀರು ಇಳಿಯತೊಡಗಿದ್ದರಿಂದ ಅವರು ಜಾಗ ಬದಲಿಸುತ್ತಿದ್ದರು. ಭಾವ ಬಹಳ ಹೊತ್ತು ಅದನ್ನೇ ನೋಡಿ, “ನಾವು ಬೋಟನ್ನು ತಂದು ಮನೆಯ ಹತ್ತಿರ ಕಟ್ಟುತ್ತೇವೆ, ಇವರು ಮನೆಯನ್ನೇ ಬೋಟಿಗೆ ಕಟ್ಟಿದ್ದಾರೆ” ಎಂದ.

ಸಾಂಗ್ಕೆ ನದಿಯನ್ನು ಹೊಕ್ಕ ಮೇಲೆ ಬೀಸುಬಲೆ, ಬಿದಿರಿನ ತಡಿಕೆಯ ಬೇಲಿ, ದಡದಲ್ಲಿ ನಾಲ್ಕು ಗಳಗಳಿಗೆ ಕಟ್ಟಿ ನೀರಿಗೆ ಇಳಿಸಿ ಎತ್ತುವ ದೊಡ್ಡ ಬಲೆ ಒಂದಾದ ಮೇಲೊಂದು ಕಾಣುತ್ತವೆ. ಸರೋವರದ ದೊಡ್ಡ ಭಾಗಗಳನ್ನು ಮೀನುಗಾರಿಕೆಗೆ ಗುತ್ತಿಗೆ ಕೊಡುವ ಪದ್ಧತಿಯನ್ನು 2012ರಲ್ಲಿ ಅಲ್ಲಿನ ಸರಕಾರ ಪೂರ್ತಿ ರದ್ದುಮಾಡಿತು. ನೇರಳೆ ಹೂವಿನ ಅಂತರಗಂಗೆ ನದಿಯನ್ನು ದಡದಿಂದ ದಡಕ್ಕೆ ಮುಚ್ಚಿರುವ ಕಡೆ ದೋಣಿ ನಿಲ್ಲುವುದುಂಟು. ನಮ್ಮ ದೋಣಿಯ ಫ್ಯಾನಿಗೆ ಬೇರು ಸುತ್ತಿಕೊಂಡು ಎಂಜಿನ್ ಕೆಮ್ಮಿ ನಿಂತಾಗ, ದೋಣಿಯ ಹುಡುಗ ಒಂದು ಕತ್ತಿ ಕಚ್ಚಿಕೊಂಡು ನೀರಿಗೆ ಧುಮುಕಿದ. ನಲವತ್ತು ನಿಮಿಷ ಹಿಡಿಯಿತು. ಇಂಥ ಹೊತ್ತಿನಲ್ಲಿ ಎಲ್ಲರೂ ನೋಡಲೆಂದು ಒಂದೇ ಬದಿಗೆ ಹೋಗಬಾರದು, ದೋಣಿ ವಾಲುತ್ತದೆ. ಸಂಜೆ ಬಟ್ಟಂಬಾಂಗ್‌ನಿಂದ ಮುಂದಿನ ಬಸ್ಸು ಹಿಡಿಯುವ ಯೋಜನೆಯನ್ನೂ ಇಟ್ಟುಕೊಳ್ಳಬೇಡಿ.

ಬೇರೆಯವರ ಜಗಲಿ

ದೋಣಿ ಕೆಲವು ಮನೆಗಳಿಂದ ಎರಡು ಮಾರು ದೂರದಲ್ಲಿ ಹಾದುಹೋಗುತ್ತದೆ. ಅಂದರೆ ನೀವು ಅವರ ಅಡುಗೆಮನೆಯೊಳಗೆ ಇಣುಕುತ್ತಿರುತ್ತೀರಿ. ಕುದ್ರುವಿನ ನಮ್ಮ ಮನೆಗಳ ಮುಂದೆ ರಜಾದಿನ ಪ್ರವಾಸಿಗರ ದೋಣಿ ಬಂದು, ಬಟ್ಟೆ ಒಗೆಯುವವರ ಫೋಟೋ ತೆಗೆದರೆ ನಮಗೆ ಹೇಗನಿಸುತ್ತದೋ ಅವರಿಗೂ ಹಾಗೆಯೇ. ಕೈಬೀಸಿದವರಿಗೆ ಕೈಬೀಸಿ, ಕ್ಯಾಮೆರಾ ತೋರಿಸಿ ತಲೆಯಾಡಿಸಿದರೆ ಮಾತ್ರ ತೆಗೆಯಿರಿ, ಸ್ನಾನ ಮಾಡುವವರನ್ನು ತೆಗೆಯಲೇಬೇಡಿ. ತೇಲುವ ಮನೆಗಳಲ್ಲಿ ಇರುವವರಲ್ಲಿ ವಿಯೆಟ್ನಾಂ ಮೂಲದವರು ಅನೇಕರಿದ್ದಾರೆ. ತಲೆಮಾರುಗಳಿಂದ ಅಲ್ಲೇ ಇದ್ದರೂ ಅವರಲ್ಲಿ ಬಹಳ ಮಂದಿಗೆ ಪೌರತ್ವದ ಕಾಗದವಿಲ್ಲ, ಆದ್ದರಿಂದ ನೆಲ ಕೊಳ್ಳುವಂತಿಲ್ಲ. ನೀರಿನ ಮೇಲೆ ಇರುವುದು ಎಲ್ಲರಿಗೂ ಇಷ್ಟದ ಆಯ್ಕೆಯಲ್ಲ. ಯಾವ ದೇಶದವರು, ಯಾವ ಜನ ಎಂದು ದೋಣಿಯವನ ಮೂಲಕ ಕೇಳಿಸುವ ಚಪಲ ಬೇಡ.

ಚೋಂಗ್ ಕ್ನಿಯಾಸ್‌ನ ಅರ್ಧ ದಿನದ ಸುತ್ತಾಟ ಬೇಡವೆಂದದ್ದಕ್ಕೆ ಕಾರಣವೂ ಇಲ್ಲೇ ಇದೆ. ಅಲ್ಲಿ ದೋಣಿಯನ್ನು ಅಂಗಡಿಯೊಂದಕ್ಕೆ ಕೊಂಡುಹೋಗಿ, ಶಾಲೆಯ ಬಡ ಮಕ್ಕಳಿಗೆಂದು ಅಕ್ಕಿ ಮೂಟೆಯನ್ನೋ ನೋಟುಪುಸ್ತಕವನ್ನೋ ಮೂರು-ನಾಲ್ಕು ಪಟ್ಟು ಬೆಲೆಗೆ ಕೊಳ್ಳುವಂತೆ ಒತ್ತಾಯಿಸುವ ದಂಧೆ ಬಹಳ ಹಳೆಯದು. ನೀವು ಕೊಟ್ಟ ಮೂಟೆ ಸಂಜೆ ಅದೇ ಅಂಗಡಿಗೆ ಮರಳುತ್ತದೆ ಎಂದು ಅಲ್ಲಿ ಹೋಗ್ಬಂದವರೆಲ್ಲ ಹೇಳುತ್ತಾರೆ. ಸಹಾಯ ಮಾಡಬೇಕೆಂದಿದ್ದರೆ ನಡುದಾರಿಯ ತೇಲುವ ಅಂಗಡಿಯಲ್ಲಿ ಊಟ ಮಾಡಿ, ಬಾಳೆಹಣ್ಣು ಕೊಳ್ಳಿ, ಚೌಕಾಸಿ ಮಾಡದೆ ಹಣ ಕೊಡಿ.

ಬಟ್ಟಂಬಾಂಗ್

ಊರು ಸಮೀಪಿಸುತ್ತಿದ್ದಂತೆ ದಡಗಳು ಎತ್ತರವಾಗುತ್ತವೆ, ತೋಟಗಳು ಕಾಣಿಸುತ್ತವೆ, ಮಕ್ಕಳು ದಡದಿಂದ ಕೂಗುತ್ತಾರೆ. ಇಳಿಯುವ ಕಡೆ ಮಣ್ಣಿನ ಮೆಟ್ಟಿಲು ಜಾರುತ್ತದೆ. ಹಿರಿಯರನ್ನು ಮೊದಲು ಇಳಿಸಿ, ಚೀಲಗಳಿಗೆ ಆಮೇಲೆ ಹೋಗಿ. ಮೇಲೆ ಬಂದೊಡನೆ ಟುಕ್‌ಟುಕ್‌ನವರು ಮುತ್ತಿಕೊಳ್ಳುತ್ತಾರೆ. ವಸತಿಗೃಹವನ್ನು ಮೊದಲೇ ಕಾಯ್ದಿರಿಸಿದ್ದರೆ ಈ ಗದ್ದಲ ತಪ್ಪುತ್ತದೆ.

ಅಲ್ಲಿ ಎರಡು ರಾತ್ರಿಯಾದರೂ ಇರಿ. ಭತ್ತದ ನಾಡು ಅದು. ನವೆಂಬರಿನಲ್ಲಿ ಗದ್ದೆಗಳು ಕೊಯ್ಲಿಗೆ ಬರುತ್ತಿರುತ್ತವೆ. ಸಂಜೆ ಫ್ನೋಮ್ ಸಾಂಪೌ ಗುಡ್ಡದ ಗುಹೆಯಿಂದ ಬಾವಲಿಗಳು ಹೊಗೆಯ ಹಗ್ಗದಂತೆ ಹೊರಟು ಗದ್ದೆಗಳ ಕಡೆಗೆ ಹೋಗುವುದನ್ನು ನೋಡಬಹುದು. ಸಿಯೆಮ್ ರೀಪ್‌ನ ಬಳಿಯ ಅಂಗ್‌ಕೋರ್ ದೇವಾಲಯಗಳನ್ನು ಮಾತ್ರ ದೋಣಿ ಹತ್ತುವ ಮೊದಲೇ ಮುಗಿಸಿಕೊಂಡಿರಿ. ಅಲ್ಲಿನ ಬಾಯೋನ್ ದೇವಾಲಯದ ಹೊರಗೋಡೆಯ ಉಬ್ಬುಚಿತ್ರಗಳಲ್ಲಿ ಯುದ್ಧದ ದೋಣಿಗಳ ಕೆಳಗೆ, ಮರಗಳ ನಡುವೆ ಮೀನುಗಳು ಈಜುತ್ತಿರುವುದನ್ನು ಮೊದಲ ಸಲ ನೋಡಿದಾಗ ಶಿಲ್ಪಿಯ ಕಲ್ಪನೆ ಎಂದುಕೊಂಡಿದ್ದೆ. ಎರಡನೆಯ ಸಲ, ಕೆಂಪಿರುವೆ ಕಡಿದ ಕೆನ್ನೆಯನ್ನು ಉಜ್ಜಿಕೊಳ್ಳುತ್ತ ಅದೇ ಮರಗಳ ನಡುವೆ ಕುಳಿತಿದ್ದಾಗ, ದೋಣಿಯ ಬದಿಯಲ್ಲೇ ಕೊಂಬೆಯೊಂದರ ಕೆಳಗೆ ಬೆರಳುದ್ದದ ಮೀನುಗಳ ಹಿಂಡು ತಿರುಗಿ ಹೋಯಿತು. ಮರಳುವಾಗ ಬಸ್ಸಿನಲ್ಲೇ ಬಂದೆವು. ಮೂರೂವರೆ ಗಂಟೆ, ಅಕ್ಕ ದಿಂಬಿನ ಮೇಲೆ ತಲೆಯಿಟ್ಟು ದಾರಿಯುದ್ದಕ್ಕೂ ನಿದ್ದೆ ಮಾಡಿದಳು.